ಕೊಟೇಶನ್ನಿನ ಕೊನೆಯ ಸಾಲು

ಕಾಂದಿವಲಿಯ ನಮ್ಮ ಸೊಸೈಟಿಯಲ್ಲಿ ಮೇಲಿನ ಮಹಡಿಯ ಮನೆಗೆ ಸ್ವಂತ ಟೆರೇಸ್ ಇದೆ. ಆ ಮನೆಯವರು ಉಡುಪಿ ಕಡೆಯವರು, ಹೋಟೆಲ್ ಉದ್ಯಮಿ. ಮೊನ್ನೆ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿ, ಹಿಂದೆಯೇ ಫೋನ್ ಮಾಡಿದರು. "ಮಾರಾಯ್ರೆ, ನೀವು ಎಂಟೆಕ್ ಅಲ್ವಾ, ಇದೊಂದು ಸ್ವಲ್ಪ ನೋಡಿ." ಟೆರೇಸಿನಲ್ಲಿ ಈಜುಕೊಳ ಕಟ್ಟಿಸುವ ಕೊಟೇಶನ್ ಅದು. 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳ. ಬೆಲೆ ₹9 ಲಕ್ಷ, ಜಿಎಸ್‌ಟಿ ಬೇರೆ. ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಸಾಲು: ನೀರು, ವಿದ್ಯುತ್, ಕಟ್ಟಡದ ಬಲವರ್ಧನೆ ಮತ್ತು ಪರವಾನಗಿ ಗ್ರಾಹಕರ ಹೊಣೆ.

ನಾನು ಸಾಫ್ಟ್‌ವೇರಿನವನು, ಸಿವಿಲ್ ನನ್ನ ವಿಷಯವಲ್ಲ. ಆದರೆ ನೀರಿನ ತೂಕ ಲೆಕ್ಕ ಹಾಕಲು ಡಿಗ್ರಿ ಬೇಕಿಲ್ಲ. ಈ ಕೊಳಕ್ಕೆ ಹಿಡಿಯುವುದು ಸುಮಾರು 22,600 ಲೀಟರ್, ಅಂದರೆ ಇಪ್ಪತ್ತೆರಡೂವರೆ ಟನ್. ಟನ್ ತೂಕದ ಇಪ್ಪತ್ತೆರಡು ಕಾರುಗಳನ್ನು ಟೆರೇಸಿಗೆ ಏರಿಸಿ, ಒಂದರ ಮೇಲೊಂದು ಪೇರಿಸಿ ನಿಲ್ಲಿಸಿದಂತೆ. ಜನ ಓಡಾಡುವ ಟೆರೇಸಿಗೆ ಭಾರತೀಯ ಮಾನಕದ ಪ್ರಕಾರ ಇಂಜಿನಿಯರುಗಳು ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ನಾಲ್ಕು ಅಡಿ ನೀರು ಅಷ್ಟೇ ಜಾಗದ ಮೇಲೆ 1,200 ಕಿಲೋಗೂ ಹೆಚ್ಚು ಒತ್ತುತ್ತದೆ. ಎಂಟು ಪಟ್ಟು. ತೊಟ್ಟಿಯ ಗೋಡೆ, ಟೈಲ್ಸ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. "ಫೈಬರ್ ತೊಟ್ಟಿ, ತುಂಬಾ ಹಗುರ" ಎಂದು ಮಾರುವವರು ಹೇಳಿದ್ದರಂತೆ. ತೊಟ್ಟಿ ಹಗುರವೇ ಇರಬಹುದು, ನೀರು ಹಗುರವಾಗುವುದಿಲ್ಲವಲ್ಲ!

ಇನ್ನು ನೀರು. ಕೊಳವನ್ನು ಒಮ್ಮೆ ತುಂಬಿಸಲು ಹತ್ತು ಸಾವಿರ ಲೀಟರಿನ ಎರಡು ಟ್ಯಾಂಕರ್ ಬಂದು, ಮೇಲೆ ಇನ್ನಷ್ಟು ಬೇಕು. ಎಲ್ಲರೂ ಲೆಕ್ಕ ಹಾಕುವುದು ಇದೊಂದನ್ನೇ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾಯಿತು ಎಂದು ಹಿಡಿದರೆ ಇಷ್ಟು ಅಗಲದ ಕೊಳ ದಿನಕ್ಕೆ 93 ಲೀಟರ್ ಕಳೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಮರಳಿನ ಫಿಲ್ಟರಿಗೆ ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯಬೇಕು. ಪ್ರತಿ ಸಲ ಮುನ್ನೂರು ನಾನೂರು ಲೀಟರ್ ಚರಂಡಿ ಪಾಲು. ತಿಂಗಳಿಗೆ ಎಲ್ಲ ಸೇರಿ 4,000 ಲೀಟರ್ ದಾಟುತ್ತದೆ. ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡವಿದೆ. ಅದರಂತೆ ತಿಂಗಳಿಗೆ ಒಬ್ಬರಿಗೆ ಬೇಕಾಗುವುದೂ ಹೆಚ್ಚುಕಡಿಮೆ ಇಷ್ಟೇ. ಕೊಳ ಕಟ್ಟಿಸಿದರೆ ಮನೆಗೆ ಇನ್ನೊಬ್ಬ ಸದಸ್ಯ ಬಂದಂತೆ, ಅದೂ ಬೇಸಿಗೆಯಲ್ಲಿ ಹೆಚ್ಚು ಕುಡಿಯುವವನು.

ವಿದ್ಯುತ್ತಿನದು ಸಣ್ಣ ಲೆಕ್ಕ. ಅರ್ಧ ಎಚ್‌ಪಿ ಪಂಪ್ ದಿನಕ್ಕೆ ಎಂಟು ಗಂಟೆ ಓಡಿದರೆ ತಿಂಗಳಿಗೆ 120 ಯೂನಿಟ್ ಆಸುಪಾಸು. ಆದರೆ ಎಸಿ ಓಡುವ ತಿಂಗಳಲ್ಲಿ ಅದು ಮೇಲಿನ ಸ್ಲ್ಯಾಬಿಗೆ ಸೇರಿಕೊಳ್ಳುತ್ತದೆ.

ಮುಂಬೈಗೆ ನೀರು ಕೊಡುವುದು ಏಳು ಕೆರೆಗಳು: ವಿಹಾರ್, ತುಳಸಿ, ತಾನ್ಸಾ, ಮೋಡಕ್ ಸಾಗರ್, ಮಧ್ಯ ವೈತರಣಾ, ಮೇಲಿನ ವೈತರಣಾ ಮತ್ತು ಭಾತ್ಸಾ. ಒಟ್ಟು ಸಾಮರ್ಥ್ಯ 14.47 ಲಕ್ಷ ದಶಲಕ್ಷ ಲೀಟರ್. ಅದರಲ್ಲಿ ಅರ್ಧದಷ್ಟು ಭಾತ್ಸಾ ಒಂದರದ್ದೇ. 2024ರ ಮೇ ಕೊನೆಗೆ ಸಂಗ್ರಹ ಶೇ 10ಕ್ಕಿಂತ ಕೆಳಗಿಳಿದು, ಪಾಲಿಕೆ ಮೇ 30ರಿಂದ ಶೇ 5, ಜೂನ್ 5ರಿಂದ ಶೇ 10 ನೀರು ಕಡಿತ ಮಾಡಿತು. 2025ರ ಏಪ್ರಿಲ್‌ನಲ್ಲಿ ಅಂತರ್ಜಲದ ನಿಯಮಗಳನ್ನು ವಿರೋಧಿಸಿ ಟ್ಯಾಂಕರ್‌ನವರು ಮುಷ್ಕರ ಹೂಡಿದಾಗ, ಪಾಲಿಕೆ ವಿಪತ್ತು ನಿರ್ವಹಣಾ ಕಾಯ್ದೆಯನ್ನೇ ಹೊರತೆಗೆಯಬೇಕಾಯಿತು. ನಮ್ಮ ಬೆಂಗಳೂರಿನ ಕಥೆಯೂ ಬೇರೆಯಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ ₹5,000 ದಂಡ ಇಟ್ಟಿತು.

ಭಾತ್ಸಾ, ತಾನ್ಸಾ ಇರುವುದು ಠಾಣೆ ಜಿಲ್ಲೆಯ ಶಹಾಪುರ ತಾಲೂಕಿನಲ್ಲಿ. ಅದೇ ತಾಲೂಕಿನ ಗುಡ್ಡದ ಹಾಡಿಗಳಿಗೆ ಬೇಸಿಗೆಯಲ್ಲಿ ಸರ್ಕಾರಿ ಟ್ಯಾಂಕರ್ ಬರಬೇಕು. ಟ್ಯಾಂಕರ್ ಬಾವಿಗೆ ನೀರು ಸುರಿದು ಹೋದ ಮೇಲೆ ಹೆಂಗಸರು ಹಗ್ಗ ಕೊಡ ಹಿಡಿದು ಸೇದುತ್ತಾರೆ. ಅಣೆಕಟ್ಟು ಅವರ ನೆಲದಲ್ಲಿದೆ, ಪೈಪು ನಮ್ಮ ಕಡೆಗೆ ಬರುತ್ತದೆ. ಒಂದು ಕೊಳದಿಂದ ಭಾತ್ಸಾ ಬತ್ತುವುದಿಲ್ಲ ನಿಜ; ಹಳೆಯ ಪೈಪುಗಳಲ್ಲಿ ಸೋರಿಹೋಗುವ ನೀರಿನ ಮುಂದೆ ಇದು ಹನಿ. ಹಾಗಂತ ಮೇ ತಿಂಗಳಲ್ಲಿ ಆ ನಾಲ್ಕು ಸಾವಿರ ಲೀಟರನ್ನು ಕೇಳುವ ಹಕ್ಕು ಟೆರೇಸ್ ಇರುವವರಿಗೆ ತಾನಾಗಿ ಬಂದುಬಿಡುತ್ತದೆ ಎಂದು ನನಗನ್ನಿಸುವುದಿಲ್ಲ. ಕಡಿತದ ದಿನಗಳಲ್ಲಿ ಸೊಸೈಟಿಯ ಟ್ಯಾಂಕರ್ ಬಿಲ್ ಎಲ್ಲ ಮನೆಗಳಿಗೂ ಹಂಚಿಹೋಗುತ್ತದೆ. ಕೆಳಮಹಡಿಯ ಪಿಂಚಣಿದಾರರೂ ಆ ಕೊಳಕ್ಕೆ ಚಂದಾ ಕೊಟ್ಟಂತಾಯಿತು.

ಮಳೆ ನೀರು ಹಿಡಿಯಬಾರದೇ ಎಂದು ಅವರು ಕೇಳಿದರು. ಒಳ್ಳೆಯ ಪ್ರಶ್ನೆ. ಮುಂಬೈಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ. ಕೊಳ ಆಕಾಶದಿಂದಲೇ ಒಂದೂವರೆ ಸಲ ತುಂಬುತ್ತದೆ. ಆದರೆ ಅಕ್ಟೋಬರಿನಿಂದ ಮೇವರೆಗೆ ಎಂಟು ತಿಂಗಳ ಮರುಪೂರಣಕ್ಕೆ ಮೂವತ್ತು ಸಾವಿರ ಲೀಟರ್ ಕೂಡಿಡಬೇಕು. ಕೊಳಕ್ಕಿಂತ ದೊಡ್ಡ ಟ್ಯಾಂಕಿಗೆ ಜಾಗ ಎಲ್ಲಿ?

ಇನ್ನೊಂದು ಖರ್ಚು ಪಿಡಿಎಫ್‌ನಲ್ಲಿ ಎಲ್ಲೂ ಇರಲಿಲ್ಲ: ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಗೇಟು, ಗಟ್ಟಿ ಹೊದಿಕೆ. 2024ರ ನವೆಂಬರ್‌ನಲ್ಲಿ ಮಂಗಳೂರು ಬಳಿಯ ಉಚ್ಚಿಲದ ರೆಸಾರ್ಟ್ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಹೋದರು. ಅವರ ಮನೆಯಲ್ಲಿ ಮೂರು ವರ್ಷದ ಮೊಮ್ಮಗ ಇದ್ದಾನೆ. ಈ ಮಾತಿಗೆ ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

ಈಜು ಕಲಿಯಲೇಬೇಕೆಂದರೆ ಕಾಂದಿವಲಿಯಲ್ಲೇ ಪಾಲಿಕೆಯ ಸರ್ದಾರ್ ಪಟೇಲ್ ಈಜುಕೊಳವಿದೆ, ದಾದರಿನ ಶಿವಾಜಿ ಪಾರ್ಕಿನಲ್ಲಿ ಒಲಿಂಪಿಕ್ ಅಳತೆಯದೇ ಇದೆ ಎಂದೆ. ದಾದರಿನ ಆ ಕೊಳದಲ್ಲಿ 2023ರ ಅಕ್ಟೋಬರ್‌ನಲ್ಲಿ ಮೊಸಳೆ ಮರಿ ಸಿಕ್ಕಿದ್ದು ಅವರಿಗೂ ನೆನಪಿತ್ತು. "ನಮ್ಮ ಟೆರೇಸಿಗೆ ಮೊಸಳೆ ಬರುವುದಿಲ್ಲ ನೋಡಿ" ಎಂದು ನಕ್ಕರು.

ಅವರು ಆಸೆ ಬಿಟ್ಟಿಲ್ಲ. ಸೊಸೈಟಿಯ ಒಪ್ಪಿಗೆ ಕೇಳುವ ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕರೆಸಲು ಒಪ್ಪಿದ್ದಾರೆ, ಗುರುವಾರ ಬರುತ್ತಾರಂತೆ. ಅವರ ಫೀಸು ಯಾರದ್ದು ಎಂದು ಕೊಳದ ಕಂಪನಿಯನ್ನು ಕೇಳಿದ್ದಕ್ಕೆ, ಕೊನೆಯ ಸಾಲು ಓದಿ ಎಂದರಂತೆ.