ಕುಸಿಯುವ ಗುಡ್ಡವೂ ಭೂಗೋಳದ ವಿದ್ಯಾರ್ಥಿಯೂ

೨೦೨೪ನೆಯ ಇಸವಿಯ ಜುಲೈ ತಿಂಗಳಲ್ಲಿ, ಹದಿನಾಲ್ಕು ದಿನಗಳ ಅಂತರದಲ್ಲಿ, ಪಶ್ಚಿಮಘಟ್ಟದ ಎರಡು ಕಡೆ ನೆಲ ಜಾರಿತು. ೧೬ರ ಬೆಳಿಗ್ಗೆ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ ೬೬ರ ಮಗ್ಗುಲಿನ ಗುಡ್ಡ ಕುಸಿದು, ರಸ್ತೆಯಂಚಿನ ಚಹದಂಗಡಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ಮಣ್ಣು ಬಿದ್ದ ರಭಸಕ್ಕೆ ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ೩೦ರಂದು ಇನ್ನೂ ಬೆಳಕು ಹರಿಯುವ ಮುನ್ನ ಕೇರಳದ ವಯನಾಡು ಜಿಲ್ಲೆಯ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಕಲ್ಲುಮಣ್ಣುಗಳ ಪ್ರವಾಹವಿಳಿದು ೨೫೦ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಇಂಥ ಸುದ್ದಿ ಬಂದಾಗಲೆಲ್ಲ 'ಪ್ರಕೃತಿಯ ಮುನಿಸು' ಎಂಬ ಮಾತು ನಮ್ಮ ಬಾಯಿಗೆ ತಾನಾಗಿ ಬರುತ್ತದೆ. ಆ ಮಾತಿನಲ್ಲಿ ದುಃಖವಿದೆ, ವಿಚಾರವಿಲ್ಲ. ಎಲ್ಲವೂ ಪ್ರಕೃತಿಯ ಕೃತ್ಯವೇ ಆದರೆ, ಮನುಷ್ಯನಿಗೆ ಉಳಿಯುವುದು ಮಣ್ಣು ಸರಿಸಿ ಹೆಣ ತೆಗೆಯುವುದು, ಪರಿಹಾರಧನ ಹಂಚುವುದು, ಇವೆರಡೇ. ಮಳೆ ಪ್ರಕೃತಿಯದು, ಇಳಿಜಾರೂ ಪ್ರಕೃತಿಯದು, ನಿಜ. ಆದರೆ ಇಳಿಜಾರಿನ ಬುಡವನ್ನು ಕಡಿದವರು ಯಾರು, ಅದರ ಹಾದಿಯಲ್ಲಿ ವಾಸಮಾಡಬೇಕಾಗಿ ಬಂದವರು ಯಾರು, ಅವರಿಗೆ ಮುನ್ಸೂಚನೆ ಏಕೆ ತಲುಪಲಿಲ್ಲ ಎಂಬ ಪ್ರಶ್ನೆಗಳು ಮನುಷ್ಯರಿಗೆ ಸಂಬಂಧಿಸಿದವು. ಇವನ್ನೆಲ್ಲ ಒಂದೇ ಹಾಳೆಯ ಮೇಲಿಟ್ಟು ನೋಡಬಲ್ಲ ಶಾಸ್ತ್ರವೇ ಭೂಗೋಳ. ನಮ್ಮ ಶಾಲೆಗಳಲ್ಲಿ ಅದು ಬಹುಮಟ್ಟಿಗೆ ನದಿಗಳ, ರಾಜಧಾನಿಗಳ ಹೆಸರನ್ನು ಬಾಯಿಪಾಠ ಮಾಡಿಸುವುದಕ್ಕೆ ಮೀಸಲಾಗಿದೆ. ಭೂಗೋಳ ಓದಿದರೆ ಮುಂದೇನು ಎಂದು ಕೇಳುವ ವಿದ್ಯಾರ್ಥಿಗೆ ಉಪಾಧ್ಯಾಯನಾಗಬಹುದೆಂಬುದಕ್ಕಿಂತ ಬೇರೆ ಉತ್ತರ ದೊರೆಯುವುದು ಅಪೂರ್ವ. ಇನ್ನೊಂದು ಉತ್ತರವಿದೆ ಎಂಬುದನ್ನು ತೋರಿಸಲು ಈ ಲೇಖನ.

ಆ ಉತ್ತರಕ್ಕೆ ಅಡಿಪಾಯ ಹಾಕಿದವರಲ್ಲಿ ಅಮೆರಿಕದ ಗಿಲ್ಬರ್ಟ್ ವೈಟ್ ಮುಖ್ಯರು. ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ೧೯೪೨ರಲ್ಲಿ ಒಪ್ಪಿಸಿ ೧೯೪೫ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಪ್ರವಾಹದಿಂದಾಗುವ ನಷ್ಟವನ್ನು ಅಣೆಕಟ್ಟು, ಒಡ್ಡುಗಳಿಂದಷ್ಟೇ ತಡೆಯಲಾಗದೆಂದು ವಾದಿಸಿದರು. ಒಡ್ಡು ಕಟ್ಟಿದೊಡನೆ ಜನ ಧೈರ್ಯಗೊಂಡು ಅದರ ಮರೆಯಲ್ಲೇ ಮನೆ ಮಳಿಗೆಗಳನ್ನು ಎಬ್ಬಿಸುತ್ತಾರೆ. ಒಡ್ಡು ಮೀರಿ ನೀರು ಬಂದ ವರ್ಷ ನಷ್ಟ ಮೊದಲಿಗಿಂತ ಹೆಚ್ಚಾಗುತ್ತದೆ. ಆದ್ದರಿಂದ ನೀರನ್ನು ಹಿಡಿಯುವುದರ ಜೊತೆಗೆ ನೆಲದ ಬಳಕೆಯನ್ನೂ ಹಿಡಿತಕ್ಕೆ ತರಬೇಕು. ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು, ಯಾರಿಗೆ ಎಷ್ಟು ಮುಂಚೆ ತಿಳಿಸಬೇಕು ಎಂಬುದನ್ನು ಗೊತ್ತುಮಾಡಬೇಕು. ನದಿಯ ವಿಷಯದಲ್ಲಿ ಹುಟ್ಟಿದ ಈ ವಿಚಾರ ಗುಡ್ಡಕ್ಕೂ ಅಷ್ಟೇ ಸಲ್ಲುತ್ತದೆ.

ಶಿರೂರನ್ನೇ ತೆಗೆದುಕೊಳ್ಳೋಣ. ನಮ್ಮ ಕರಾವಳಿಯ ಗುಡ್ಡಗಳಲ್ಲಿ ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಮೆತ್ತಗಾದ ಜೇಡಿ, ಅದರಡಿ ಗಟ್ಟಿ ಬಂಡೆ ಇರುವುದು ಸಾಮಾನ್ಯ. ಜಂಬಿಟ್ಟಿಗೆಯ ಬಿರುಕುಗಳಲ್ಲಿ ಇಳಿದ ಮಳೆನೀರು ಜೇಡಿಯಲ್ಲಿ ತುಂಬಿಕೊಂಡು, ಮಣ್ಣಿನ ಕಣಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ, ಹಿಡಿತ ಸಡಿಲುತ್ತದೆ. ಬುಡ ಗಟ್ಟಿಯಾಗಿದ್ದಷ್ಟು ಕಾಲ ಗುಡ್ಡ ಆ ಭಾರವನ್ನು ತಾಳಿಕೊಂಡೀತು. ಹೆದ್ದಾರಿಯನ್ನು ಅಗಲಗೊಳಿಸಲು ಅದರ ಬುಡವನ್ನೇ ನೆಟ್ಟಗೆ ಕಡಿದರೆ ಊರುಗೋಲನ್ನು ಕಿತ್ತುಕೊಂಡಂತಾಗುತ್ತದೆ. ಮಲೆನಾಡಿನವರು ಇಂಥ ಕಡಿದ ದಂಡೆಯನ್ನು 'ಧರೆ' ಎನ್ನುತ್ತಾರೆ. ಧರೆಯ ಕೆಳಗೆ ಮಳೆಗಾಲದಲ್ಲಿ ನಿಲ್ಲಬಾರದೆಂಬುದು ಅಲ್ಲಿನ ಮಕ್ಕಳಿಗೂ ತಿಳಿದ ಮಾತು. ಮಕ್ಕಳಿಗೆ ತಿಳಿದದ್ದು ರಸ್ತೆಯ ನಕ್ಷೆಯೊಳಗೆ ಸೇರಬೇಕಾದರೆ, ಎಂಜಿನಿಯರನ ಪಕ್ಕದಲ್ಲಿ ಕುಳಿತು ಆ ಊರಿನ ಮಳೆ, ಮಣ್ಣು, ತೊರೆಗಳ ಲೆಕ್ಕ ಹೇಳುವವನೊಬ್ಬನಿರಬೇಕು.

ವಯನಾಡಿನ ಪಾಠ ಇನ್ನಷ್ಟು ಕಠಿನವಾದುದು. ಮುಂಡಕ್ಕೈಯಲ್ಲಿ ೧೯೮೪ರಲ್ಲಿಯೇ ಭೂಕುಸಿತವಾಗಿತ್ತು. ೨೦೧೯ರ ಆಗಸ್ಟಿನಲ್ಲಿ ಸಮೀಪದ ಪುತ್ತುಮಲೆಯಲ್ಲಿ ಗುಡ್ಡ ಜಾರಿ ೧೭ ಮಂದಿ ಸತ್ತಿದ್ದರು. ೨೦೨೪ರ ಕುಸಿತ ಹೊರಟ ಜಾಗ ಸಮುದ್ರಮಟ್ಟದಿಂದ ಸುಮಾರು ೧,೫೫೦ ಮೀಟರ್ ಎತ್ತರದಲ್ಲಿದ್ದಿತು. ಅಲ್ಲಿ ಹಿಂದೊಮ್ಮೆ ಕುಸಿದ ಗಾಯದ ಗುರುತು ೨೦೨೩ರ ಉಪಗ್ರಹಚಿತ್ರದಲ್ಲಿಯೇ ಕಾಣುತ್ತಿತ್ತು. ಅಲ್ಲಿಂದ ಹೊರಟ ಬಂಡೆಗಳು ತೊರೆಯ ಪಾತ್ರವನ್ನೇ ಹಿಡಿದು ಸುಮಾರು ೮ ಕಿಲೋಮೀಟರ್ ಸಾಗಿದವು. ಅಂದರೆ ಗುಡ್ಡ ಒಂದು ಕಡೆ, ಸಾವು ಇನ್ನೊಂದು ಕಡೆ. ಇಳಿಜಾರನ್ನು ಮಾತ್ರ ನೋಡುವವನಿಗೆ ತೊರೆಯ ದಂಡೆಯ ಸಮತಟ್ಟು ನೆಲ ಕ್ಷೇಮವೆಂದೇ ತೋರುತ್ತದೆ. ಮೇಲಿಂದ ಕೆಳಗಿನವರೆಗೆ ಕಣಿವೆಯನ್ನು ಒಂದಾಗಿ ನೋಡುವವನಿಗೆ ಮಾತ್ರ ಆ ನೆಲ ಹೇಗೆ ಹುಟ್ಟಿತೆಂಬುದು, ಹಳೆಯ ಪ್ರವಾಹಗಳು ತಂದು ಹಾಸಿದ ಹಾಸಿಗೆ ಅದೆಂಬುದು, ಹೊಳೆಯುತ್ತದೆ.

ಮುನ್ಸೂಚನೆಯ ಸಾಮಗ್ರಿಯೂ ಇಲ್ಲದಿರಲಿಲ್ಲ. ವಯನಾಡಿನ ಹ್ಯೂಮ್ ಕೇಂದ್ರವೆಂಬ ಖಾಸಗಿ ಸಂಸ್ಥೆ ಜಿಲ್ಲೆಯುದ್ದಕ್ಕೂ ಮಳೆಮಾಪಕಗಳ ಜಾಲವನ್ನು ಹರಡಿದೆ. ಕುಸಿತಕ್ಕೆ ಮುಂಚಿನ ೪೮ ಗಂಟೆಗಳಲ್ಲಿ ಆ ಭಾಗದಲ್ಲಿ ಬಿದ್ದ ಮಳೆ ೫೭೨ ಮಿಲಿಮೀಟರ್. ಅಪಾಯವಿದೆಯೆಂದು ಹಿಂದಿನ ದಿನವೇ ಜಿಲ್ಲಾಡಳಿತಕ್ಕೆ ತಿಳಿಸಿದ್ದುದಾಗಿ ಆ ಸಂಸ್ಥೆಯವರು ಹೇಳಿದರು. ಅಳತೆ ಇದ್ದಿತು, ಅಳತೆಯಿಂದ ಆಜ್ಞೆಗೆ ಹೋಗುವ ದಾರಿ ಮುರಿದಿತ್ತು.

ಈ ಮುರಿದ ದಾರಿಯಲ್ಲಿಯೇ ಭೂಗೋಳದ ವಿದ್ಯಾರ್ಥಿಗೆ ಉದ್ಯೋಗವಿದೆ ಎಂಬುದು ನನ್ನ ಅಭಿಪ್ರಾಯ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯವು ೨೦೧೪ರಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ದೇಶದ ಗುಡ್ಡಗಾಡುಗಳ ಕುಸಿತಸಂಭವದ ನಕ್ಷೆಗಳನ್ನು ೫೦,೦೦೦ಕ್ಕೆ ೧ರ ಪ್ರಮಾಣದಲ್ಲಿ ರಚಿಸಿದೆ. ಅದು ದೊಡ್ಡ ಕೆಲಸ. ಆದರೆ ಆ ಪ್ರಮಾಣದಲ್ಲಿ ಅರ್ಧ ಮಿಲಿಮೀಟರಿನ ಒಂದು ಗೆರೆ ನೆಲದ ಮೇಲೆ ೨೫ ಮೀಟರನ್ನು ಮುಚ್ಚುತ್ತದೆ. ಒಂದು ಮನೆ, ಅದರ ಹಿತ್ತಲು, ಹಿಂದಿನ ಧರೆ ಎಲ್ಲವೂ ಒಂದು ಗೆರೆಯೊಳಗೆ ಅಡಗಿಹೋಗುತ್ತವೆ. ಜಿಲ್ಲೆಗೆ ಸಾಲುವ ನಕ್ಷೆ ಗ್ರಾಮಕ್ಕೆ ಸಾಲದು. ಅದನ್ನು ಗ್ರಾಮದ ಪ್ರಮಾಣಕ್ಕೆ ಇಳಿಸಬೇಕಾದರೆ ಒಬ್ಬಾತ ಕಾಲ್ನಡಿಗೆಯಲ್ಲಿ ಹೋಗಿ, ಹಳೆಯ ಸರ್ವೆ ನಕ್ಷೆಯನ್ನೂ ಹೊಸ ಉಪಗ್ರಹಚಿತ್ರವನ್ನೂ ಹೋಲಿಸಿ, ಮುಚ್ಚಿಹೋದ ತೋಡುಗಳನ್ನು ಗುರುತಿಸಿ, ಊರಿನ ಹಿರಿಯರನ್ನು ಯಾವ ವರ್ಷ ಎಲ್ಲಿ ನೆಲ ಬಿರಿದಿತ್ತೆಂದು ಕೇಳಿ, ಮುದುಕರೂ ರೋಗಿಗಳೂ ಇರುವ ಮನೆಗಳನ್ನು ಲೆಕ್ಕಹಾಕಿ, ರಾತ್ರಿ ಹೊತ್ತು ಯಾವ ದಾರಿಯಿಂದ ಎಲ್ಲಿಗೆ ಹೋಗಬೇಕೆಂಬುದನ್ನು ಬರೆದಿಡಬೇಕು. ಇದು ಭೂವಿಜ್ಞಾನಿಯ ಕೆಲಸವೂ ಅಲ್ಲ, ತಹಸೀಲ್ದಾರರ ಕೆಲಸವೂ ಅಲ್ಲ. ಇಬ್ಬರ ನಡುವಿನ ಭೂಗೋಳಜ್ಞನ ಕೆಲಸ.

ಇದರಿಂದ ಫಲವುಂಟೇ ಎಂದು ಕೇಳುವವರು ಒಡಿಶಾದ ಕಡೆ ನೋಡಬಹುದು. ೧೯೯೯ರ ಚಂಡಮಾರುತದಲ್ಲಿ ಅಲ್ಲಿ ಸುಮಾರು ೧೦,೦೦೦ ಜನ ಸತ್ತರು. ೨೦೧೩ರಲ್ಲಿ ಫೈಲಿನ್ ಬಂದಾಗ ೧೦ ಲಕ್ಷದಷ್ಟು ಜನರನ್ನು ಮುಂಚಿತವಾಗಿ ಸ್ಥಳಾಂತರಿಸಿದ್ದರಿಂದ ಸತ್ತವರು ಐವತ್ತರೊಳಗೆ ನಿಂತರು. ಕಡಲು ಸೌಮ್ಯವಾಗಿರಲಿಲ್ಲ, ಯಾವ ಹಳ್ಳಿಗೆ ಯಾವ ಆಸರೆಮನೆ ಎಂಬ ಲೆಕ್ಕ ಸಿದ್ಧವಾಗಿತ್ತು. ಗುಡ್ಡ ಚಂಡಮಾರುತದಂತೆ ದಿನಗಟ್ಟಲೆ ಮುಂಚೆ ಹೇಳಿಕೊಂಡು ಬರುವುದಿಲ್ಲವೆಂಬ ಆಕ್ಷೇಪ ಸರಿಯೇ. ಆದ್ದರಿಂದಲೇ ಗುಡ್ಡದ ವಿಷಯದಲ್ಲಿ ಊರುಗಳ ಲೆಕ್ಕ ಇನ್ನೂ ಮೊದಲೇ ಸಿದ್ಧವಿರಬೇಕು. ನಮ್ಮ ರಾಜ್ಯಕ್ಕೆ ಇದು ಅಪರಿಚಿತವಲ್ಲ. ೧೯೮೮ರಲ್ಲಿ ಬರವನ್ನು ಗಮನಿಸುವ ಘಟಕವಾಗಿ ಹುಟ್ಟಿ, ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆ ಗ್ರಾಮಪಂಚಾಯಿತಿಗಳ ಮಟ್ಟದಲ್ಲಿ ಮಳೆಯನ್ನು ಅಳೆಯುತ್ತಿದೆ. ಅಳೆದ ಮಳೆಗೆ ಅರ್ಥ ಹೇಳುವವರು ಮಲೆನಾಡು, ಕೊಡಗು, ಕರಾವಳಿಗಳ ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಬೇಕು.

ಒಂದು ಕಷ್ಟವನ್ನು ಮಾತ್ರ ನಕ್ಷೆ ತಾನೇ ಬಗೆಹರಿಸಲಾರದು. ಒಂದು ಜಾಗವನ್ನು ಕೆಂಪು ಬಣ್ಣದಲ್ಲಿ ತೋರಿಸಿದ ದಿನ ಅದರ ಬೆಲೆ ಇಳಿಯುತ್ತದೆ; ಉಳ್ಳವರು ಮಾರಿ ಹೊರಡುತ್ತಾರೆ ಇಲ್ಲವೇ ಬಣ್ಣ ಬದಲಿಸುವಂತೆ ಒತ್ತಾಯಿಸುತ್ತಾರೆ. ತೋಟದ ಲೈನುಮನೆಯಲ್ಲಿರುವ ಕೂಲಿಯವನಿಗೆ ಮಾರಲು ಏನೂ ಇಲ್ಲ, ಹೋಗಲು ಎಲ್ಲಿಯೂ ಇಲ್ಲ. ಅವನಿಗೆ ಅಪಾಯ ತಿಳಿಯದೆ ಅಲ್ಲ. ಅಪಾಯವಿಲ್ಲದ ಸೂರು ಅವನ ಕೈಗೆ ನಿಲುಕುವುದಿಲ್ಲ. ಕೂಲಿಯವನಿಗೆ ಬೇರೆ ನೆಲವನ್ನು ತೋರಿಸದೆ ಕೆಂಪು ಬಣ್ಣ ಬಳಿದು ಕೈತೊಳೆದುಕೊಳ್ಳುವ ಭೂಗೋಳಜ್ಞ ಅರ್ಧ ಕೆಲಸ ಮಾಡಿದವನು. ಕ್ಷೇಮವಾದ ನೆಲ ಎಲ್ಲಿದೆ, ಅದು ಯಾರ ವಶದಲ್ಲಿದೆ, ಅಲ್ಲಿಂದ ಕೂಲಿಗೆ ಹೋಗಲು ಎಷ್ಟು ದೂರ ಎಂಬುದೂ ಭೂಗೋಳದ ಪ್ರಶ್ನೆಗಳೇ, ಬಹುಶಃ ಅತ್ಯಂತ ಮುಖ್ಯ ಪ್ರಶ್ನೆಗಳು.

ಆದಕಾರಣ ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಸೂಚನೆ. ಈ ವರ್ಷ ಭೂಗೋಳದ ತರಗತಿಗೆ ಪ್ರಪಂಚದ ಪಟದ ಜೊತೆಗೆ ತಮ್ಮ ಊರಿನ ಪಟವನ್ನೂ ತೂಗುಹಾಕಲಿ. ಊರಿನ ಹಳ್ಳ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ, ಅದರ ದಾರಿಯಲ್ಲಿ ಈಗ ಏನು ಕಟ್ಟಿದ್ದಾರೆ ಎಂದು ವಿದ್ಯಾರ್ಥಿಗಳೇ ನಡೆದು ನೋಡಿ ಬರೆಯಲಿ. ಸರಕಾರ ತಾಲ್ಲೂಕಿಗೊಂದು ಹುದ್ದೆಯನ್ನು ಸೃಷ್ಟಿಸುವ ದಿನ ಬಂದಾಗ, ಆ ಹುದ್ದೆಗೆ ಅರ್ಹರಾದವರು ಈ ಮಕ್ಕಳಲ್ಲಿಯೇ ಇರುತ್ತಾರೆ. ಆ ದಿನ ಬರುವುದು ತಡವಾದರೂ, ತಮ್ಮ ಮನೆಯ ಹಿಂದಿನ ಧರೆಯ ಮೇಲೆ ಬಿರುಕು ಕಂಡಾಗ ಏನು ಮಾಡಬೇಕೆಂಬುದನ್ನು ಅವರು ಅಷ್ಟರಲ್ಲಿ ಕಲಿತಿರುತ್ತಾರೆ.