ಕಾವೇರಿಯ ಮಹಸೀರ್: ಗಾಳ ಎಲ್ಲಿ, ಎರೆ ಯಾವುದು?

ಮೈಸೂರು ಸೀಮೆಯ ರಾಗಿಮುದ್ದೆಯನ್ನು ಮನುಷ್ಯರಷ್ಟೇ ಅಕ್ಕರೆಯಿಂದ ನುಂಗುವ ಜೀವಿ ಮತ್ತೊಂದುಂಟು. ಅದು ಕಾವೇರಿಯ ಮಡುಗಳಲ್ಲಿ ವಾಸಿಸುವ ಮಹಸೀರ್. ಹೊಳೆಯ ಬದಿಯವರು ಇದನ್ನು ಬಿಳಿಮೀನು ಎನ್ನುವುದೂ ಉಂಟು. ಇದರ ಬಾಯಿಯಲ್ಲಿ ಒಂದು ಹಲ್ಲೂ ಇಲ್ಲ, ಹಲ್ಲುಗಳೆಲ್ಲ ಗಂಟಲಿನಲ್ಲಿವೆ. ಬಂಡೆಯ ಸಂದಿನ ಏಡಿ, ಬಸವನಹುಳು, ಸಣ್ಣ ಮೀನು, ದಡದ ಮರಗಳಿಂದ ಉದುರಿದ ಹಣ್ಣು, ಎಲ್ಲವೂ ಆ ಗಂಟಲಿಗೆ ಇಳಿದು ಅರೆದುಹೋಗುತ್ತವೆ. ದುರ್ಬಲವಾದ ಗಾಳವನ್ನೂ ಅದು ಅಲ್ಲಿಯೇ ನುಗ್ಗುನುರಿ ಮಾಡಬಲ್ಲದು.

ಗಾಳ ಹಿಡಿದು ಹೊಳೆಯ ದಡದಲ್ಲಿ ಕೂರುವುದು ಕೆಲಸವಿಲ್ಲದವರ ಕೆಲಸ ಎಂದು ಮೂಗು ಮುರಿಯುವವರಿದ್ದಾರೆ. ಅಂಥವರು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನನ್ನು ನೆನೆಯಬೇಕು. 12ನೆಯ ಶತಮಾನದ ಆ ಅರಸು ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿರಿಸಿ, ಯಾವ ಮೀನಿಗೆ ಯಾವ ಆಹಾರ ಎಂಬುದನ್ನೂ ವಿವರಿಸಿದ್ದಾನೆ. ಏಳು ಶತಮಾನಗಳ ಅನಂತರ ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬ ಆಂಗ್ಲರು 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ಗ್ರಂಥದಲ್ಲಿ, ತಮ್ಮ ನಾಡಿನ ಸಾಲ್ಮನ್ನಿಗಿಂತ ಮಹಸೀರ್ ಹೆಚ್ಚು ಕಸುವಿನ ಮೀನೆಂದು ವಾದಿಸಿದರು. ಸ್ವದೇಶಾಭಿಮಾನವನ್ನೂ ಮೀರಿದ ಮಾತು ಅದು!

ಇನ್ನು ಸ್ಥಳದ ವಿಚಾರ. ಯೂರೋಪಿನ ಗಾಳಗಾರರಿಗೆ ಪ್ರಿಯವಾದ ಪೈಕ್ ಮೀನು ಜೊಂಡಿನ ಮರೆಯಲ್ಲಿ ಹೊಂಚಿ ಕುಳಿತು ಒಮ್ಮೆಗೇ ಎರಗುವಂಥದು. ಅದನ್ನು ಕೆರೆಯ ಅಂಚಿನಲ್ಲಿ, ನಿಧಾನವಾದ ನೀರಿನಲ್ಲಿ ಹುಡುಕಬೇಕು. ಮಹಸೀರ್ ಹಾಗಲ್ಲ; ಅದು ಹರಿವಿನ ಮೀನು. ಶಿವನಸಮುದ್ರದ ಕೆಳಗೆ ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆಗಳನ್ನು ಹಾಯ್ದು ಮೇಕೆದಾಟಿನ ಕಡೆಗೆ ಸಾಗುವ ಕಾವೇರಿ, ಬಂಡೆಗಳ ನಡುವೆ ಒಮ್ಮೆ ಭೋರ್ಗರೆದು ಮತ್ತೊಮ್ಮೆ ಆಳವಾದ ಮಡುವಾಗಿ ನಿಲ್ಲುತ್ತದೆ. ಇವೆರಡರ ಸಂಧಿಯೇ ಮಹಸೀರಿನ ಊಟದ ಮನೆ. ರಭಸದ ನೀರು ಹೊತ್ತು ತಂದುದನ್ನು ಅದು ಮಡುವಿನ ಬಾಯಲ್ಲಿ ನಿಂತು ಸ್ವೀಕರಿಸುತ್ತದೆ. ಹೆಬ್ಬಂಡೆಯ ಹಿಂದಿನ ಶಾಂತವಾದ ನೀರೂ ಅದಕ್ಕೆ ಇಷ್ಟ. ಮಳೆಗಾಲದ ಕೆಂಪುನೀರಿನಲ್ಲಿ ಗಾಳ ವ್ಯರ್ಥ. ಹೊಳೆ ಇಳಿದು ತಿಳಿಯಾದ ಮೇಲೆ, ಜನವರಿಯಿಂದ ಏಪ್ರಿಲಿನ ತನಕ, ಬೆಳಗಿನ ಜಾವ ಮತ್ತು ಸಂಜೆಯ ಹೊತ್ತು ಪ್ರಶಸ್ತ.

ಎರೆಯ ಪಾಕ ಗೃಹಿಣಿಯರಿಗೆ ಅಪರಿಚಿತವಲ್ಲ. ರಾಗಿಹಿಟ್ಟನ್ನು ಗಟ್ಟಿಯಾಗಿ ನಾದಿ, ನಿಂಬೆಹಣ್ಣಿನ ಗಾತ್ರದಿಂದ ಕಿತ್ತಳೆಯ ಗಾತ್ರದವರೆಗೆ ಉಂಡೆ ಕಟ್ಟಿ, ನೀರಿನಲ್ಲಿ ಬೇಯಿಸುತ್ತಾರೆ. ವಾಸನೆಗೆಂದು ಮಸಾಲೆ ಬೆರೆಸುವವರೂ ಇದ್ದಾರೆ. ಅವರವರ ಪಾಕ ಅವರವರ ಗುಟ್ಟು. ಉಂಡೆ ಮನೆಯ ಮುದ್ದೆಗಿಂತ ಗಡುಸಾಗಿರಬೇಕು, ಇಲ್ಲವಾದರೆ ಸಣ್ಣ ಮೀನುಗಳೇ ಕುಟುಕಿ ಮುಗಿಸುತ್ತವೆ. ದಾರದ ಮೇಲೆ ಬೆರಳಿಟ್ಟು ಕುಳಿತವನಿಗೆ ಆ ಕುಟುಕಾಟ ಟಕಟಕನೆ ತಿಳಿಯುತ್ತದೆ. ಆಗ ಎಳೆಯಬಾರದು. ಮಹಸೀರ್ ಬಂದಾಗ ಸಂದೇಹಕ್ಕೆ ಎಡೆಯೇ ಇಲ್ಲ. ಕೋಲು ಬಾಗಿ, ರಾಟೆ ಕಿರುಚಿ, ನೂರಾರು ಅಡಿ ದಾರ ಕ್ಷಣದಲ್ಲಿ ಬಿಚ್ಚಿಹೋಗುತ್ತದೆ. ಆ ಮೊದಲ ಓಟವನ್ನು ತಡೆಯಹೊರಟವನ ಕೈಯಲ್ಲಿ ಉಳಿಯುವುದು ತುಂಡು ದಾರ. ಬಂಡೆಗೆ ದಾರ ಸಿಕ್ಕಿಕೊಂಡರೆ ಅಂಬಿಗ ಹರಿಗೋಲಿನಲ್ಲಿ ಹೋಗಿ ಬಿಡಿಸುತ್ತಾನೆ. ಕೆಲವೊಮ್ಮೆ ಗಾಳಗಾರನೇ ಹರಿಗೋಲನ್ನೇರಿ ಮೀನಿನ ಹಿಂದೆ ಸಾಗಬೇಕಾಗುತ್ತದೆ.

ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಅಂಥ ಭಾರಕ್ಕೆ ಬೆಳೆಯುತ್ತಿದ್ದುದು ತಲೆಯ ಹಿಂದೆಯೇ ಗೂನೆದ್ದ, ಕಿತ್ತಳೆ ಬಣ್ಣದ ಈಜುರೆಕ್ಕೆಯ, ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಬೇರೆಲ್ಲಿಯೂ ಇಲ್ಲದ ಜಾತಿ. ಮುಂದೆ ಸಿಡಿಮದ್ದು ಹಾಕಿ ಮೀನು ಕೊಲ್ಲುವ ಪಿಡುಗು ಹೊಳೆಯನ್ನು ಬರಿದು ಮಾಡತೊಡಗಿತು. 1972ರಲ್ಲಿ ದಕ್ಷಿಣ ಭಾರತ ವನ್ಯಜೀವಿ ಸಂಘ ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲಿಟ್ಟಿತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ ಕಾವಲುಗಾರರೂ ಗಾಳಗಾರರ ಮಾರ್ಗದರ್ಶಿಗಳೂ ಆದರು. ಕ್ರಮೇಣ ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮರಳಿ ಬಿಡುವ ಪದ್ಧತಿ ನೆಲೆಯೂರಿತು.

ಆ ಬರವಣಿಗೆಯ ಬೆಲೆ ಆಗ ಯಾರಿಗೂ ತಿಳಿದಿರಲಿಕ್ಕಿಲ್ಲ. ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ದಾಖಲಾದ ಆರು ಸಾವಿರಕ್ಕೂ ಮಿಕ್ಕಿದ ಮೀನುಗಳ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ಒಟ್ಟು ಸಂಖ್ಯೆ ಹೆಚ್ಚುತ್ತ ಹೋಗಿದ್ದರೂ ಗೂನುಬೆನ್ನಿನ ಮೀನು ವರ್ಷದಿಂದ ವರ್ಷಕ್ಕೆ ಕಣ್ಮರೆಯಾಗುತ್ತಿದ್ದುದು ಕಂಡಿತು. ಹೆಚ್ಚಿದ್ದುದು ನೀಲಿ ರೆಕ್ಕೆಯ ಮಹಸೀರ್; 1970ರ ದಶಕದಿಂದ ಮರಿ ಮಾಡಿಸಿ ತಂದು ಈ ಹೊಳೆಗೆ ಬಿಟ್ಟ ಹೊರಗಿನ ಜಾತಿ ಅದು. ಒಳ್ಳೆಯ ಉದ್ದೇಶದಿಂದಲೇ ಬಿಟ್ಟದ್ದು, ನಿಜ. ಆದರೆ ಮಹಸೀರ್ ಎಂದರೆ ಎಲ್ಲವೂ ಒಂದೇ ಎಂದು ಬಗೆದುದು ದುಬಾರಿಯಾಯಿತು. ಕಾವೇರಿಯ ಸ್ವಂತ ಮೀನಿಗೆ ಟೋರ್ ರೆಮಾದೇವಿ ಎಂಬ ಶಾಸ್ತ್ರೀಯ ನಾಮ ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೂ ಸೇರಿತು.

ಅಷ್ಟರಲ್ಲಿ ಆ ಲೆಕ್ಕದ ಪುಸ್ತಕವೇ ನಿಂತುಹೋಗಿತ್ತು. ಅಭಯಾರಣ್ಯದಲ್ಲಿ ಗಾಳ ಹಾಕುವುದೂ ಕಾಯಿದೆಯ ದೃಷ್ಟಿಯಲ್ಲಿ ಬೇಟೆಯೇ ಎಂಬ ತೀರ್ಮಾನದಿಂದ, 2012ರ ಹೊತ್ತಿಗೆ ಭೀಮೇಶ್ವರಿ, ಗಾಳಿಬೋರೆಗಳ ಗಾಳಗಳು ಮೇಲಕ್ಕೆದ್ದವು. ಕಾಯಿದೆಯ ಉದ್ದೇಶವನ್ನು ಯಾರೂ ಹಳಿಯುವಂತಿಲ್ಲ. ಆದರೆ ಹೊಳೆಯನ್ನು ಹಗಲಿರುಳು ನೋಡುತ್ತಿದ್ದ ಕಣ್ಣುಗಳೂ ಗಾಳದೊಂದಿಗೇ ಹೊರಟುಹೋದವು.

ಅಭಯಾರಣ್ಯದ ಹೊರಗೆ ಗಾಳ ಹಾಕಬಯಸುವವರು ಮೊದಲು ಪರವಾನಗಿ ಪಡೆಯಬೇಕು. ಕೊಡಗಿನ ವಾಲ್ನೂರಿನ ಬಳಿ ಅಲ್ಲಿನ ವನ್ಯಜೀವಿ ಸಂಘ ಕಾಪಾಡಿಕೊಂಡು ಬಂದಿರುವ ಕಾವೇರಿಯ ಭಾಗ ಗಾಳಗಾರರಿಗೆ ಬಹುಕಾಲದಿಂದ ಪರಿಚಿತ. ಗಾಳಕ್ಕೆ ಮುಳ್ಳು ಬೇಡ. ಸಿಕ್ಕ ಮೀನನ್ನು ದಡಕ್ಕೆ ಎಳೆಯದೆ ನೀರಿನಲ್ಲಿಯೇ ಇಟ್ಟು, ಒದ್ದೆ ಕೈಯಿಂದ ಹಿಡಿದು ಗಾಳ ಬಿಡಿಸಬೇಕು. ದಣಿದಿದ್ದರೆ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಅದು ತಾನಾಗಿ ಕೈಬಿಡಿಸಿಕೊಳ್ಳುವ ತನಕ ಕಾಯಬೇಕು. ಬಿಡುವ ಮುನ್ನ ಬೆನ್ನಿನ ಗೂನನ್ನೂ ರೆಕ್ಕೆಯ ಬಣ್ಣವನ್ನೂ ನೋಡಿ, ದಿನಾಂಕ, ಸ್ಥಳಗಳೊಡನೆ ಬರೆದಿಡಬೇಕು. ರೆಕ್ಕೆ ಕಿತ್ತಳೆಯಾಗಿದ್ದರೆ ಒಂದು ಚಿತ್ರವನ್ನೂ ತೆಗೆದಿಡುವುದು ಲೇಸು.