ಅಂತರಜಾಲದ ಅಂಗಡಿ: ತಂತ್ರಾಂಶ ಆರಿಸುವ ಮುನ್ನ

ಬೆಲ್ಲ, ಅರಿಶಿನ, ಕಾಫಿಪುಡಿಗಳನ್ನು ಅಂತರಜಾಲದ ಮೂಲಕ ನೇರವಾಗಿ ಮಾರಲು ಹಲವು ರೈತರು ಮುಂದಾಗಿದ್ದಾರೆ. ಇದು ಸ್ವಾಗತಾರ್ಹ. ಆದರೆ ಶಾಪಿಂಗ್ ಕಾರ್ಟ್ ತಂತ್ರಾಂಶವನ್ನು, ಅಂದರೆ ಗ್ರಾಹಕರು ಸರಕು ಆರಿಸಿ ಹಣ ಕಟ್ಟುವ ವ್ಯವಸ್ಥೆಯನ್ನು, ಅಂದ ನೋಡಿ ಕೊಳ್ಳುವವರೇ ಬಹಳ.

ನಮ್ಮ ಹೋಬಳಿಯ ಬೆಲ್ಲದ ಗುಂಪೊಂದು ಹೀಗೆಯೇ ಮಾಡಿತು. ಎರಡು ವರ್ಷದ ನಂತರ ಬಾಡಿಗೆ ಕಟ್ಟಲು ತಡವಾಯಿತು; ಅಂಗಡಿ ಮುಚ್ಚಿತು. ಗ್ರಾಹಕರ ವಿಳಾಸಗಳೆಲ್ಲ ಅದರೊಳಗೇ ಉಳಿದವು. ಮತ್ತೆ ದಲ್ಲಾಳಿಯ ಮನೆ ಬಾಗಿಲೇ ಗತಿಯಾಯಿತು. ಸಲಹೆ ಕೊಟ್ಟ ನಾನೂ ಈ ಬಗ್ಗೆ ವಿಚಾರಿಸಿರಲಿಲ್ಲ.

ಆಯ್ಕೆ ಎರಡು ಬಗೆ. ಶಾಪಿಫೈನಂಥವು ಬಾಡಿಗೆ ಮಳಿಗೆಯಿದ್ದಂತೆ: ತಿಂಗಳ ಶುಲ್ಕ ಉಂಟು, ದುರಸ್ತಿಯ ಚಿಂತೆಯಿಲ್ಲ. ವೂಕಾಮರ್ಸ್ ಸ್ವಂತ ಮಳಿಗೆಯಿದ್ದಂತೆ: ತಂತ್ರಾಂಶ ಉಚಿತ, ಆದರೆ ಸರ್ವರಿನ ಖರ್ಚು, ಸುರಕ್ಷತೆ, ಹೊಸ ಆವೃತ್ತಿ ಹಾಕುವ ಕೆಲಸ ಎಲ್ಲವೂ ನಮ್ಮ ಹೊಣೆ. ಮನೆಯಲ್ಲಿ ಕಂಪ್ಯೂಟರ್ ಬಲ್ಲವರಿಲ್ಲದಿದ್ದರೆ ಮೊದಲನೆಯದೇ ಲೇಸು.

ಯಾವುದೇ ಆಗಲಿ, ಹಣ ಕಟ್ಟುವ ಮೊದಲು ಇವನ್ನು ಪರೀಕ್ಷಿಸಿರಿ. ಯುಪಿಐ ಮೂಲಕ ಹಣ ಪಡೆಯಬಹುದೇ? 1 ಕಿಲೋ ಪೊಟ್ಟಣಕ್ಕೂ 10 ಕಿಲೋ ಚೀಲಕ್ಕೂ ಸಾಗಣೆ ವೆಚ್ಚ ಬೇರೆ ಹಾಕಲು ಬರುವುದೇ? ದಾಸ್ತಾನು ಮುಗಿದಾಗ ಆರ್ಡರ್ ತಾನಾಗಿ ನಿಲ್ಲುವುದೇ? ಮೊಬೈಲಿನಲ್ಲಿ ಕನ್ನಡ ಸರಿಯಾಗಿ ಕಾಣುವುದೇ? ಎಲ್ಲಕ್ಕಿಂತ ಮುಖ್ಯವಾಗಿ, ಗ್ರಾಹಕರ ಹಾಗೂ ಆರ್ಡರುಗಳ ಪಟ್ಟಿಯನ್ನು ಇಳಿಸಿಕೊಳ್ಳಬಹುದೇ? ಮೇಲೆ ಹೇಳಿದ ಎರಡರಲ್ಲೂ ಈ ಸೌಲಭ್ಯವಿದೆ. ತಿಂಗಳಿಗೊಮ್ಮೆಯಾದರೂ ಪಟ್ಟಿ ಇಳಿಸಿ ಜೋಪಾನ ಮಾಡುವುದು ನಮ್ಮ ಕೆಲಸ.

ನಮ್ಮ ಹಿರಿಯರು ಬಿತ್ತನೆ ಬೀಜ ಎತ್ತಿಡದೆ ರಾಶಿ ಮಾರುತ್ತಿರಲಿಲ್ಲ. ಅಂತರಜಾಲದ ಅಂಗಡಿಗೆ ಗ್ರಾಹಕರ ಪಟ್ಟಿಯೇ ಬಿತ್ತನೆ ಬೀಜ.